ಎದೆಯ ಮಾತು, ಮೆದುಳಿನ ಕಿವಿ

ಕನ್ನಡದಲ್ಲಿ ಭಾವನೆಗಳೆಲ್ಲ ಮೈಯ ಒಂದೊಂದು ಕಡೆ ಮನೆ ಮಾಡಿಕೊಂಡಿವೆ. ಹೆದರಿದರೆ ಎದೆ ಧಸಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತವೆ, ಜೀವ ಬಾಯಿಗೆ ಬರುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಅಸೂಯೆಗೆ ಹೊಟ್ಟೆಕಿಚ್ಚೆಂದೇ ಹೆಸರು. ಮಕ್ಕಳ ಕಷ್ಟ ಕಂಡರೆ ತಾಯಿಯ ಕರುಳು ಚುರುಕ್ಕೆನ್ನುತ್ತದೆ. ಸಂಕಟ ಎಂಬ ಪದವನ್ನೇ ನೋಡಿ. ಉಂಡದ್ದು ಅರಗದಿದ್ದರೂ ಸಂಕಟ, ಮಗಳು ಗಂಡನ ಮನೆಯಲ್ಲಿ ಸುಖವಾಗಿಲ್ಲ ಎಂಬ ಸುದ್ದಿ ಬಂದರೂ ಸಂಕಟ. ನಮ್ಮ ಮನೆಯ ದಖನಿ ಮಾತಿನಲ್ಲೂ ಹೀಗೆಯೇ. ‘ದಿಲ್ ಘಬರಾರಾ’ ಎಂದು ಯಾರಾದರೂ ಹೇಳಿದರೆ ಹೃದಯ ಬಡಿದುಕೊಳ್ಳುತ್ತಿದೆ ಎಂದು ಅರ್ಥವೋ, ಮನಸ್ಸಿಗೆ ಗಾಬರಿಯಾಗಿದೆ ಎಂದೋ? ಹೇಳುವವರಿಗೂ ಕೇಳುವವರಿಗೂ ಅದು ಒಂದೇ.

ಇದು ನಮ್ಮ ಭಾಷೆಗಳ ಅಲಂಕಾರ ಮಾತ್ರವಲ್ಲ. 2014ರಲ್ಲಿ ಫಿನ್ಲೆಂಡಿನ ಲೌರಿ ನುಮ್ಮೆನ್ಮಾ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಫಿನ್ಲೆಂಡ್, ಸ್ವೀಡನ್ ಮತ್ತು ತೈವಾನಿನ ಸುಮಾರು 700 ಮಂದಿಗೆ ಮನುಷ್ಯನ ಬರಿಯ ಆಕೃತಿಯೊಂದನ್ನು ಕೊಟ್ಟು, ಭಯವಾದಾಗ, ಸಿಟ್ಟು ಬಂದಾಗ, ದುಃಖವಾದಾಗ ಮೈಯ ಯಾವ ಭಾಗ ಚುರುಕಾದಂತೆ, ಯಾವ ಭಾಗ ಸೋತಂತೆ ಅನಿಸುತ್ತದೆಯೋ ಅಲ್ಲಿ ಬಣ್ಣ ತುಂಬಿ ಎಂದರು. ಭಾಷೆ ಬೇರೆ, ನಾಡು ಬೇರೆ. ಆದರೂ ಚಿತ್ರಗಳು ಬಹುಮಟ್ಟಿಗೆ ಒಂದೇ ಥರ ಬಂದವು. ಭಯಕ್ಕೆ ಎದೆ, ಸಿಟ್ಟಿಗೆ ಎದೆಯ ಜೊತೆಗೆ ತಲೆ ಮತ್ತು ತೋಳುಗಳು, ದುಃಖಕ್ಕೆ ಬಲವಿಲ್ಲದ ಕೈಕಾಲು. ನಮ್ಮ ಅಜ್ಜಿಯಂದಿರ ಕೈಗೆ ಬಣ್ಣ ಕೊಟ್ಟಿದ್ದರೆ ಇದನ್ನೇ ಬಳಿಯುತ್ತಿದ್ದರೋ ಏನೋ.

ಹೀಗೆ ಮಾತಿನಲ್ಲಿ ಒಂದಾಗಿರುವುದನ್ನು ನಾವು ಬದುಕಿನಲ್ಲಿ ಬೇರೆ ಮಾಡಿಬಿಟ್ಟಿದ್ದೇವೆ. ಮೈಯ ಕಾಯಿಲೆಗೆ ಒಂದು ಬಾಗಿಲು, ಮನಸ್ಸಿನ ಕಾಯಿಲೆಗೆ ಇನ್ನೊಂದು. ಮೊದಲನೆಯ ಬಾಗಿಲಲ್ಲಿ ಹೆಮ್ಮೆಯಿಂದ ಸಾಲು ನಿಲ್ಲುತ್ತೇವೆ. ಎರಡನೆಯದರ ಹತ್ತಿರ ಸುಳಿಯುವಾಗ ಮುಖ ಮುಚ್ಚಿಕೊಳ್ಳುತ್ತೇವೆ. ಮೊದಲನೆಯ ಬಾಗಿಲಲ್ಲಿ ‘ನಿಮಗೆ ಏನೂ ಇಲ್ಲ’ ಎಂದು ಕಳಿಸಿಬಿಟ್ಟರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ನಮ್ಮ ಮನೆಗೇ ಬಂದದ್ದು 2021ರಲ್ಲಿ.

ಆ ವರ್ಷದ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ನನ್ನ ಚಿಕ್ಕಮ್ಮನ ಗಂಡ ತೀರಿಕೊಂಡರು. ನಮಗೆ ಅವರು ಖಾಲೂ, ಚಿಕ್ಕಮ್ಮ ಖಾಲಾ. ಆಸ್ಪತ್ರೆಯೊಳಗೆ ಯಾರನ್ನೂ ಬಿಡಲಿಲ್ಲ. ಖಾಲಾ ಗಂಡನನ್ನು ಕೊನೆಯ ಬಾರಿ ನೋಡಿದ್ದು ಮೊಬೈಲಿನ ವಿಡಿಯೊದಲ್ಲಿ. ಮಾತಾಡಲು ಹೋಗಿ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಖಾಲಾ ಗಟ್ಟಿಯಾಗಿಯೇ ಇದ್ದರು. ಮನೆಯಲ್ಲಿ ಅಕ್ಕತಂಗಿಯರು, ಸೊಸೆ, ಮೊಮ್ಮಕ್ಕಳು ಇದ್ದರು. ಇದ್ದತ್ತು ಮುಗಿದು ಒಬ್ಬೊಬ್ಬರೇ ತಂತಮ್ಮ ಊರಿಗೆ ಹೋದ ಮೇಲೆ ಒಂದು ಸಂಜೆ ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ತರಲು ಹೋದವರು ಅಲ್ಲೇ ಕುಸಿದು ಕುಳಿತರು. ಎದೆ ಡಬಡಬ ಹೊಡೆದುಕೊಳ್ಳುತ್ತಿದೆ, ಬೆರಳುಗಳು ಜೋಮು ಹಿಡಿದಿವೆ, ಮೈಯೆಲ್ಲ ಬೆವರು. ‘ನನ್ನ ಸಮಯ ಬಂತು, ಕಲ್ಮಾ ಹೇಳಿಸಿ’ ಎಂದರಂತೆ.

ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಇಸಿಜಿ ಸರಿಯಾಗಿತ್ತು. ‘ಏನೂ ಇಲ್ಲಮ್ಮ, ಗ್ಯಾಸ್ಟ್ರಿಕ್ ಇರಬಹುದು’ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಎರಡು ವಾರಕ್ಕೆ ಮತ್ತೆ ಅದೇ. ಆಮೇಲೆ ಎಕೊ, ಟ್ರೆಡ್‌ಮಿಲ್ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ. ಎಲ್ಲ ನಾರ್ಮಲ್. ಪ್ರತಿ ಸಲವೂ ಅದೇ ಮಾತು: ಏನೂ ಇಲ್ಲ. ನಾಲ್ಕನೇ ಸಲ ಮಗನ ತಾಳ್ಮೆಯೂ ಮುಗಿಯಿತು. ‘ಅಮ್ಮೀ, ಇಷ್ಟು ಜನ ಡಾಕ್ಟರು ಏನೂ ಇಲ್ಲ ಅಂದ ಮೇಲೂ ಹೀಗೆ ಮಾಡಿದರೆ ಹೇಗೆ?’ ಎಂದುಬಿಟ್ಟ. ಖಾಲಾ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: ‘ಏನೂ ಇಲ್ಲ ಅಂತಾರಲ್ಲ ಬೇಟಾ, ಹಾಗಾದರೆ ಇದು ಯಾರ ಎದೆ ಹೊಡೆದುಕೊಳ್ಳುತ್ತಿರುವುದು?’

ಅದಕ್ಕಿಂತ ಹೆಚ್ಚು ನೋಯಿಸಿದ್ದು ಅಕ್ಕಪಕ್ಕದವರ ಮಾತು. ಒಬ್ಬರು ನಜರ್ ಎಂದರು. ಇನ್ನೊಬ್ಬರು, ಈಮಾನ್ ಗಟ್ಟಿ ಇದ್ದವರಿಗೆ ಇಂಥ ಭಯ ಬರುವುದಿಲ್ಲ ಎಂದರು. ಐದು ಹೊತ್ತಿನ ನಮಾಝು ಬಿಡದ ಹೆಂಗಸಿಗೆ ಇದನ್ನು ಹೇಳಿದರೆ ಏನಾಗಬೇಡ? ಸಜ್ದಾದಲ್ಲಿ ತಲೆ ತಗ್ಗಿಸಿದಾಗ ಎದೆಯ ಬಡಿತ ಕಿವಿಯಲ್ಲೇ ಕೇಳಿಸಿದಂತಾಗುತ್ತದೆ ಎಂದು ಖಾಲಾ ಕುರ್ಚಿಯ ಮೇಲೆ ನಮಾಝು ಮಾಡತೊಡಗಿದರು. ಮಹಡಿ ಹತ್ತುವುದು ನಿಂತಿತು. ಆಮೇಲೆ ಅಂಗಡಿಗೆ ಹೋಗುವುದೂ, ಮದುವೆಗಳಿಗೆ ಹೋಗುವುದೂ ನಿಂತವು. ವರದಿಗಳ ಕವರು ಮಾತ್ರ ದಪ್ಪವಾಗುತ್ತ ಹೋಯಿತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಖಾಲಾ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮನಸ್ಸಿನಲ್ಲಿ ಆದದ್ದು ನಾಡಿಯಲ್ಲಿ ಕಾಣಿಸುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಎರಡನೇ ಶತಮಾನದಲ್ಲಿ ರೋಮಿನಲ್ಲಿದ್ದ ವೈದ್ಯ ಗ್ಯಾಲೆನ್, ನಿದ್ರೆಗೆಟ್ಟು ಸೊರಗುತ್ತಿದ್ದ ಒಬ್ಬ ಹೆಂಗಸಿನ ನಾಡಿ ಹಿಡಿದಿದ್ದಾಗ, ನರ್ತಕನೊಬ್ಬನ ಹೆಸರು ಬಂದೊಡನೆ ನಾಡಿ ತಪ್ಪಿ ಬಡಿಯುವುದನ್ನು ಕಂಡು ಕಾಯಿಲೆ ಏನೆಂದು ತಿಳಿದುಕೊಂಡ. ಇಬ್ನು ಸೀನಾ (980-1037) ತಮ್ಮ ‘ಅಲ್ ಕಾನೂನ್ ಫಿತ್ತಿಬ್’ ಗ್ರಂಥದಲ್ಲಿ ಇದನ್ನು ಒಂದು ಪರೀಕ್ಷೆಯಾಗಿಯೇ ಬರೆದಿಟ್ಟರು. ಪ್ರೇಮದಿಂದ ಸೊರಗಿದವನು ಹೆಸರು ಹೇಳದಿದ್ದರೆ ಅವನ ನಾಡಿಯ ಮೇಲೆ ಬೆರಳಿಟ್ಟು ಹೆಸರುಗಳನ್ನೂ ಬೀದಿಗಳನ್ನೂ ಮನೆಗಳನ್ನೂ ಒಂದೊಂದಾಗಿ ಹೇಳುತ್ತ ಹೋಗಬೇಕು. ನಾಡಿ ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಉತ್ತರ.

ಇವರಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಬಲ್ಖ್‌ನಲ್ಲಿ ಹುಟ್ಟಿದ ಅಬೂ ಝೈದ್ ಅಲ್ ಬಲ್ಖಿ ಇನ್ನೂ ಮುಂದೆ ಹೋಗಿದ್ದರು. 934ರಲ್ಲಿ ತೀರಿಕೊಂಡ ಈ ವಿದ್ವಾಂಸರ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥದ ಹೆಸರಿನಲ್ಲೇ ದೇಹ ಮತ್ತು ಆತ್ಮ ಎರಡೂ ಇವೆ. ಮನುಷ್ಯ ಇವೆರಡರಿಂದಲೂ ಆದವನು, ಆದ್ದರಿಂದ ಒಂದರ ಬೇನೆ ಇನ್ನೊಂದಕ್ಕೆ ತಟ್ಟದೆ ಇರದು ಎಂಬುದು ಅವರ ನಿಲುವು. ದೇಹವನ್ನು ಮಾತ್ರ ನೋಡುವ ವೈದ್ಯರ ಬಗ್ಗೆ ಅವರಿಗೆ ಅಸಮಾಧಾನವಿತ್ತು. ಭಯ, ಸಿಟ್ಟು, ದುಃಖ, ವಸ್ವಸೆ ಇವುಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ ಬರೆದರು. ಮನೆಯಲ್ಲಿ ತುರ್ತಿಗೆಂದು ಔಷಧಿ ಇಟ್ಟುಕೊಳ್ಳುವಂತೆ, ಆರೋಗ್ಯವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಮನಸ್ಸಿನಲ್ಲಿ ಕೂಡಿಟ್ಟುಕೊಳ್ಳಬೇಕು ಎಂದರು. ಇಷ್ಟು ಹಳೆಯ ಪರಂಪರೆ ನಮ್ಮದಾಗಿದ್ದೂ, ಹೆದರಿದವರನ್ನು ಈಮಾನ್ ಇಲ್ಲದವರೆನ್ನಲು ನಮಗೆ ನಾಲಿಗೆ ಹೇಗೆ ಬರುತ್ತದೆ?

ಇವರೆಲ್ಲ ಮುಖ್ಯವಾಗಿ ಕಂಡದ್ದು ಮನಸ್ಸಿನಿಂದ ಮೈಗೆ ಇಳಿಯುವ ದಾರಿ. ಎದುರು ದಾರಿಯೂ ಇದೆಯೇ? 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಇದ್ದಕ್ಕಿದ್ದಂತೆ ಪ್ರಶ್ನೆಯನ್ನೇ ತಲೆಕೆಳಗು ಮಾಡಿದರು. ಕರಡಿಯನ್ನು ಕಂಡು ಹೆದರುತ್ತೇವೆ, ಹೆದರಿದ್ದರಿಂದ ನಡುಗುತ್ತೇವೆ ಎಂದು ಲೋಕ ಹೇಳುತ್ತದೆ. ಜೇಮ್ಸ್ ಪ್ರಕಾರ ಕರಡಿಯನ್ನು ಕಂಡೊಡನೆ ಮೈ ನಡುಗುತ್ತದೆ, ಆ ನಡುಕ ಮನಸ್ಸಿಗೆ ತಿಳಿಯುವುದಕ್ಕೇ ಭಯ ಎಂದು ಹೆಸರು. ಬಡಿಯುವ ಎದೆ, ಬತ್ತಿದ ಬಾಯಿ, ಸಡಿಲಾದ ಮಂಡಿ ಇಷ್ಟನ್ನೂ ತೆಗೆದರೆ ಭಯದಲ್ಲಿ ಉಳಿಯುವುದೇನು ಎಂದು ಅವರು ಕೇಳಿದರು. ಮರುವರ್ಷ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ ತಮ್ಮಷ್ಟಕ್ಕೆ ಇಂಥದೇ ವಿಚಾರ ಮುಂದಿಟ್ಟರು.

ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಇದನ್ನು ಒಪ್ಪಲಿಲ್ಲ. ಅಪಾಯ ಎದುರಾದಾಗ ಮೈ ‘ಹೋರಾಡು, ಇಲ್ಲವೇ ಓಡು’ ಎಂದು ಸಜ್ಜಾಗುವ ಬಗೆಯನ್ನು ಲೋಕಕ್ಕೆ ವಿವರಿಸಿದವರು ಅವರೇ. 1927ರಲ್ಲಿ ಅವರು ಎತ್ತಿದ ಆಕ್ಷೇಪಗಳು ಸಾಮಾನ್ಯದವಲ್ಲ. ಭಯಕ್ಕೂ ಎದೆ ಬಡಿಯುತ್ತದೆ, ಸಿಟ್ಟಿಗೂ ಬಡಿಯುತ್ತದೆ, ಜ್ವರಕ್ಕೂ ಬಡಿಯುತ್ತದೆ. ಹಾಗಿದ್ದರೆ ಮನಸ್ಸು ಇವುಗಳನ್ನು ಬೇರೆ ಮಾಡುವುದು ಹೇಗೆ? ಒಳಾಂಗಗಳಿಂದ ಸುದ್ದಿ ಬರುವುದು ನಿಧಾನ, ಭಯ ಹುಟ್ಟುವುದು ಕ್ಷಣದಲ್ಲಿ. ಅವರಿಗೆ ಇನ್ನೊಂದು ಆಧಾರವೂ ಇತ್ತು. 1924ರಲ್ಲಿ ಸ್ಪೇನಿನ ವೈದ್ಯ ಗ್ರೆಗೋರಿಯೊ ಮರಾನ್ಯೊನ್ 200ಕ್ಕೂ ಹೆಚ್ಚು ಜನರಿಗೆ ಅಡ್ರಿನಲಿನ್ ಚುಚ್ಚಿ ನೋಡಿದ್ದರು. ಎದೆ ಬಡಿಯಿತು, ಕೈ ನಡುಗಿತು. ಆದರೆ ಹೆಚ್ಚಿನವರಿಗೆ ಭಯವೇನೂ ಆಗಲಿಲ್ಲ. ಕೆಲವರು ‘ಹೆದರಿದ ಹಾಗೆ ಆಗುತ್ತಿದೆ’ ಎಂದರಷ್ಟೆ. ಆ ‘ಹಾಗೆ’ ಎಂಬ ಪದದಲ್ಲಿ ಇಡೀ ವಿವಾದ ಅಡಗಿದೆ. ಎದೆಯ ಬಡಿತವಿಲ್ಲದೆ ಭಯ ಪೂರ್ತಿಯಾಗದು, ಬರಿಯ ಬಡಿತವೇ ಭಯವೂ ಆಗದು.

ಈ ಜಗಳ ಇತ್ಯರ್ಥವಾಗಬೇಕಾದರೆ ನರಗಳ ದಾರಿ ತಿಳಿಯಬೇಕಿತ್ತು. ನಮ್ಮ ತರಗತಿಯ ಗೋಡೆಯ ಮೇಲೊಂದು ಚಿತ್ರಪಟ ಇದೆ, ಸ್ವಯಂಚಾಲಿತ ನರಮಂಡಲದ್ದು. ನಾವು ಹೇಳದೆಯೇ ತಾನಾಗಿ ಕೆಲಸ ಮಾಡುವ ನರಗಳು ಇವು. ಒಂದು ಕಡೆ ಸಿಂಪಥೆಟಿಕ್ ನರಗಳು. ಎದೆಬಡಿತ ಹೆಚ್ಚಿಸುತ್ತವೆ, ಕಣ್ಣಪಾಪೆ ಹಿಗ್ಗಿಸುತ್ತವೆ, ಬೆವರಿಳಿಸುತ್ತವೆ. ಇನ್ನೊಂದು ಕಡೆ ಪ್ಯಾರಾಸಿಂಪಥೆಟಿಕ್ ನರಗಳು. ಬಡಿತ ತಗ್ಗಿಸುತ್ತವೆ, ಜೀರ್ಣಕ್ಕೆ ನೆರವಾಗುತ್ತವೆ. ಒಂದು ವೇಗ ಕೊಡುವ ಪೆಡಲು, ಇನ್ನೊಂದು ಬ್ರೇಕು ಎಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಆ ಪಟದಲ್ಲಿ ಬಾಣಗಳೆಲ್ಲ ಮೆದುಳು, ಬೆನ್ನುಹುರಿಗಳಿಂದ ಹೊರಟು ಅಂಗಗಳ ಕಡೆ ಇಳಿಯುತ್ತವೆ. ಮೇಲೇರುವ ಬಾಣ ಒಂದೂ ಇಲ್ಲ.

ಬ್ರೇಕಿನ ಕೆಲಸ ಮಾಡುವ ಮುಖ್ಯ ನರ ವೇಗಸ್. ಮೆದುಳಿನ ಬುಡದಿಂದ ಹೊರಟು ಕತ್ತು, ಎದೆ, ಹೊಟ್ಟೆಯ ತನಕ ಅಲೆಯುತ್ತ ಹೋಗುವುದರಿಂದ ಅದಕ್ಕೆ ಲ್ಯಾಟಿನ್‌ನಲ್ಲಿ ಅಲೆಮಾರಿ ಎಂಬ ಹೆಸರು. ಅದು ಹೃದಯಕ್ಕೆ ಹೇಗೆ ಮಾತು ಮುಟ್ಟಿಸುತ್ತದೆ ಎಂಬುದನ್ನು ತೋರಿಸಿದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಒಟ್ಟೊ ಲೆವಿ. ರಾತ್ರಿ ಕನಸಿನಲ್ಲಿ ಪ್ರಯೋಗ ಹೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಒಂದು ಕಪ್ಪೆಯ ಹೃದಯವನ್ನು ದ್ರವದಲ್ಲಿಟ್ಟು ಅದರ ವೇಗಸ್ ನರವನ್ನು ಪ್ರಚೋದಿಸಿದರು. ಬಡಿತ ನಿಧಾನವಾಯಿತು. ಆ ದ್ರವವನ್ನು ನರವಿಲ್ಲದ ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದು ಸಾಬೀತಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂದು ಆಮೇಲೆ ತಿಳಿಯಿತು. 1936ರಲ್ಲಿ ಲೆವಿಯವರಿಗೆ ಹೆನ್ರಿ ಡೇಲ್ ಅವರ ಜೊತೆ ನೊಬೆಲ್ ಬಹುಮಾನ ಬಂತು.

ವೇಗಸ್‌ನ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬೆರಗುಗೊಳಿಸಿತು. ಅದರ ಎಳೆಗಳಲ್ಲಿ ಸುಮಾರು ಶೇಕಡ 80ರಷ್ಟು ಮೆದುಳಿನಿಂದ ಅಂಗಗಳಿಗೆ ಹೋಗುವುವಲ್ಲ, ಅಂಗಗಳಿಂದ ಮೆದುಳಿಗೆ ಬರುವುವು. ಅಂದರೆ ಈ ನರದಲ್ಲಿ ಅಪ್ಪಣೆಗಿಂತ ವರದಿಯೇ ಹೆಚ್ಚು. ಹೊಟ್ಟೆ ತುಂಬಿದೆಯೇ, ಶ್ವಾಸಕೋಶ ಹಿಗ್ಗಿದೆಯೇ ಎಂಬ ಸುದ್ದಿ ಎಡೆಬಿಡದೆ ಮೇಲೇರುತ್ತದೆ. ಹೃದಯ ಒಂದೊಂದು ಸಲ ರಕ್ತ ತಳ್ಳಿದಾಗಲೂ ಮಹಾಪಧಮನಿಯಲ್ಲಿ ಮತ್ತು ಕತ್ತಿನ ರಕ್ತನಾಳಗಳಲ್ಲಿ ಇರುವ ಒತ್ತಡ ಗ್ರಾಹಕಗಳು ಮೆದುಳಿಗೆ ಒಂದೊಂದು ಸುದ್ದಿ ಕಳಿಸುತ್ತವೆ. ಈ ವರದಿಗಳೆಲ್ಲ ಸೇರುವ ಒಂದು ಮುಖ್ಯ ಜಾಗ ಇನ್ಸುಲಾ. ಮೆದುಳಿನ ಪಕ್ಕದ ಮಡಿಕೆಯೊಳಗೆ ಅಡಗಿರುವ ಭಾಗ ಅದು. ದ್ವೀಪ ಎಂದು ಅದರ ಅರ್ಥ. 2004ರಲ್ಲಿ ಹ್ಯೂಗೊ ಕ್ರಿಚ್ಲಿ ಮತ್ತು ಸಂಗಡಿಗರು, ಕೇಳಿಸುತ್ತಿರುವ ಬೀಪ್ ಶಬ್ದ ತಮ್ಮ ಎದೆಬಡಿತಕ್ಕೆ ಕೂಡಿ ಬರುತ್ತಿದೆಯೇ ಎಂದು ಜನರನ್ನು ಕೇಳುತ್ತ ಅವರ ಮೆದುಳಿನ ಸ್ಕ್ಯಾನ್ ಮಾಡಿದರು. ಬಡಿತವನ್ನು ಚೆನ್ನಾಗಿ ಗುರುತಿಸುವವರಲ್ಲಿ ಬಲಗಡೆಯ ಇನ್ಸುಲಾದ ಮುಂಭಾಗ ಹೆಚ್ಚು ಚುರುಕಾಗಿತ್ತು. ತಮಗೆ ಆತಂಕ ಹೆಚ್ಚು ಎಂದು ಹೇಳಿಕೊಂಡವರಲ್ಲೂ ಆ ಭಾಗದ ಚುರುಕು ಹೆಚ್ಚು ಕಂಡಿತು.

ಹೀಗೆ ಬಂದ ವರದಿ ಭಾವನೆಯನ್ನು ನಿಜವಾಗಿಯೂ ಬದಲಿಸುತ್ತದೆಯೇ? 2014ರಲ್ಲಿ ಬ್ರಿಟನ್ನಿನ ಸಾರಾ ಗಾರ್ಫಿಂಕೆಲ್ ಅವರ ತಂಡ ಹೆದರಿದ ಮುಖಗಳ ಚಿತ್ರಗಳನ್ನು ಜನರಿಗೆ ಎರಡು ಬಗೆಯಲ್ಲಿ ತೋರಿಸಿತು: ಹೃದಯ ರಕ್ತ ತಳ್ಳಿದ ಕ್ಷಣಕ್ಕೆ ಸರಿಯಾಗಿ ಮತ್ತು ಎರಡು ಬಡಿತಗಳ ನಡುವೆ. ಬಡಿತದ ಕ್ಷಣದಲ್ಲಿ ಕಂಡ ಅದೇ ಮುಖದಲ್ಲಿ ಭಯ ಹೆಚ್ಚಾಗಿ ಕಂಡಿತು. ನಾವು ಲೋಕವನ್ನು ಬರಿಯ ಕಣ್ಣಿನಿಂದ ನೋಡುವುದಿಲ್ಲ, ಬಡಿಯುವ ಎದೆಯ ಜೊತೆ ನೋಡುತ್ತೇವೆ ಎಂದಾಯಿತು.

ಇನ್ನೊಂದು ಪ್ರಸಂಗ ಅಮೆರಿಕದ್ದು. ವೈದ್ಯ ಸಾಹಿತ್ಯದಲ್ಲಿ ಎಸ್.ಎಂ. ಎಂದು ಮಾತ್ರ ಕರೆಯುವ ಒಬ್ಬ ಹೆಂಗಸಿಗೆ ಅಪರೂಪದ ಕಾಯಿಲೆಯಿಂದ ಮೆದುಳಿನ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿತ್ತು. ಭಯದ ಕೇಂದ್ರ ಎಂದು ಹೆಸರಾದ, ಬಾದಾಮಿಯಾಕಾರದ ಭಾಗ ಅದು. ಆಕೆಗೆ ಹಾವು, ಜೇಡ, ಭೂತದ ಸಿನಿಮಾ ಯಾವುದರಿಂದಲೂ ಭಯವಿಲ್ಲ. 2013ರಲ್ಲಿ ಆಕೆಯೂ ಅಂಥದೇ ಇನ್ನಿಬ್ಬರೂ ಶೇಕಡ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದೇ ಒಂದು ಸಲ ಎಳೆದುಕೊಂಡರು. ಅದರಿಂದ ಅಪಾಯವಿಲ್ಲ, ಉಸಿರು ಕಟ್ಟಿದಂತಾಗುತ್ತದೆ ಅಷ್ಟೆ. ಮೂವರೂ ಗಾಬರಿಯಿಂದ ಚಡಪಡಿಸಿದರು. ಹೊರಗಿನ ಯಾವ ಅಪಾಯಕ್ಕೂ ಹೆದರದ ಆಕೆಗೆ ಮೈಯೊಳಗಿನಿಂದ ಬಂದ ಸುದ್ದಿ ಭಯ ಹುಟ್ಟಿಸಿತು. ಅಂದರೆ ಭಯಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಅದರಲ್ಲೊಂದು ಒಳಗಿನಿಂದಲೇ ಬರುತ್ತದೆ.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಡೈಸೆರಾತ್ ಅವರ ತಂಡ ಪ್ರಕಟಿಸಿದ ಇಲಿಗಳ ಪ್ರಯೋಗ ಜೇಮ್ಸ್ ಮತ್ತು ಕ್ಯಾನನ್ ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿತು ಎನ್ನಬಹುದು. ಇಲಿಯ ಹೃದಯದ ಜೀವಕೋಶಗಳು ಬೆಳಕಿಗೆ ಮಿಡಿಯುವಂತೆ ಮಾಡಿ, ಅದಕ್ಕೊಂದು ಪುಟ್ಟ ಅಂಗಿ ತೊಡಿಸಿ, ಅಂಗಿಯಿಂದ ಬೆಳಕು ಬೀರಿ, ಬಡಿತವನ್ನು ಬಿಟ್ಟು ಬಿಟ್ಟು ನಿಮಿಷಕ್ಕೆ 900ರ ವೇಗಕ್ಕೆ ಏರಿಸಿದರು. ಹೆದರಿಸುವಂಥದು ಏನೂ ಇಲ್ಲದ ಜಾಗದಲ್ಲಿ ಇಲಿಗಳು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಆದರೆ ನೀರಿಗಾಗಿ ಸನ್ನೆ ಒತ್ತಿದರೆ ಒಮ್ಮೊಮ್ಮೆ ಶಾಕ್ ಹೊಡೆಯಬಹುದು ಎಂಬ ಸನ್ನಿವೇಶದಲ್ಲಿ, ಬಡಿತ ಏರಿದ ಇಲಿಗಳು ಬಾಯಾರಿದ್ದರೂ ಹಿಂಜರಿದವು. ಇನ್ಸುಲಾದ ಹಿಂಭಾಗವನ್ನು ಸುಮ್ಮನಾಗಿಸಿದಾಗ ಈ ಹಿಂಜರಿಕೆ ತಗ್ಗಿತು. ಹೃದಯ ಸುದ್ದಿ ಕೊಟ್ಟಿತು, ಸನ್ನಿವೇಶ ಅದಕ್ಕೆ ಅರ್ಥ ಕೊಟ್ಟಿತು, ಮೆದುಳು ಎರಡನ್ನೂ ಸೇರಿಸಿ ಭಯವನ್ನು ಕಟ್ಟಿತು.

ಇದನ್ನು ಓದುವಾಗ ನನಗೆ ಖಾಲಾರ ಮಹಡಿ ಮೆಟ್ಟಿಲು ನೆನಪಾಯಿತು.

2022ರ ಆರಂಭದಲ್ಲಿ ಅವರನ್ನು ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆವು. ಹೋಗಲು ಒಪ್ಪಿಸಲು ಒಂದು ತಿಂಗಳೇ ಬೇಕಾಯಿತು. ‘ನನಗೇನು ಹುಚ್ಚೇ?’ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನಾವೆಲ್ಲ ಹಾಗೆಯೇ ಬೆಳೆದವರು. ವೈದ್ಯೆ ವಯಸ್ಸಿನಲ್ಲಿ ಚಿಕ್ಕವರು. ವರದಿಗಳ ಕವರನ್ನು ತಾಳ್ಮೆಯಿಂದ ಪೂರ್ತಿ ನೋಡಿ, ‘ಅಮ್ಮಾ, ನಿಮ್ಮ ಹೃದಯ ಗಟ್ಟಿಯಾಗಿದೆ. ನಿಮಗೆ ಆಗುತ್ತಿರುವುದೂ ನಿಜ. ಎರಡೂ ನಿಜ’ ಎಂದರು. ಖಾಲಾರ ಕಣ್ಣಲ್ಲಿ ನೀರು ಬಂತು. ಆಮೇಲೆ ವೈದ್ಯೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: ‘ಮೊದಲ ಸಲ ಆದಾಗ ಅದಕ್ಕೆ ಒಂದು ನಿಮಿಷ ಮುಂಚೆ ಏನು ಮಾಡುತ್ತಿದ್ದಿರಿ?’

ಮೆಟ್ಟಿಲು ಹತ್ತುತ್ತಿದ್ದರು. ನಾಲ್ಕು ತಿಂಗಳು ಮನೆಯೊಳಗೇ ಇದ್ದವರಿಗೆ ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದು ಸಹಜ. ಆದರೆ ಆ ಏದುಸಿರು ಖಾಲಾರ ಕಿವಿಗೆ ತಮ್ಮದಾಗಿ ಕೇಳಿಸಲಿಲ್ಲ. ಮೊಬೈಲಿನಲ್ಲಿ ಕೇಳಿದ ಖಾಲೂರವರ ಉಸಿರಾಗಿ ಕೇಳಿಸಿತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ತಮಗೆ ತಾವೂ ಹೇಳಿಕೊಂಡಿರಲಿಲ್ಲ. ವೈದ್ಯೆ ಚೀಟಿಯ ಹಿಂದೆ ಒಂದು ವೃತ್ತ ಬರೆದರು. ಉಸಿರು ಹೆಚ್ಚಿತು, ‘ನಾನೂ ಹಾಗೆಯೇ ಸಾಯುತ್ತೇನೆ’ ಎನಿಸಿತು, ಹಾಗೆನಿಸಿದ್ದರಿಂದ ಅಡ್ರಿನಲಿನ್ ಹರಿದು ಎದೆ ಇನ್ನೂ ಬಡಿಯಿತು, ಬಡಿದದ್ದರಿಂದ ಸಾವು ಖಚಿತ ಎನಿಸಿತು. ಆಕ್ಸ್‌ಫರ್ಡಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ವಿಷವರ್ತುಲ ಇದೇ. ಪ್ಯಾನಿಕ್ ಎಂಬ ಕಾಯಿಲೆಯ ಚಿಕಿತ್ಸೆ ಇಂದಿಗೂ ಬಹುಮಟ್ಟಿಗೆ ಈ ವರ್ತುಲವನ್ನು ಮುರಿಯುವುದರ ಮೇಲೆ ನಿಂತಿದೆ.

ಮಾತ್ರೆ ಕೊಟ್ಟರು, ಒಂದು ವರ್ಷದ ಮೇಲೆ ತೆಗೆದುಕೊಳ್ಳಬೇಕಾಯಿತು. ಜೊತೆಗೆ ಒಂದು ವಿಚಿತ್ರ ಅಭ್ಯಾಸ ಹೇಳಿದರು: ದಿನವೂ ಬೇಕೆಂದೇ ಮೆಟ್ಟಿಲು ಹತ್ತಬೇಕು, ಎದೆ ಬಡಿಯುವುದನ್ನು ಕೂತು ನೋಡಬೇಕು, ಅದು ತಾನಾಗಿ ಇಳಿಯುವ ತನಕ ಕಾಯಬೇಕು. ಮೊದಲ ವಾರ ಐದು ಮೆಟ್ಟಿಲು, ಆಮೇಲೆ ಹತ್ತು. ಬಡಿತ ಏರಿದರೆ ಸಾವಲ್ಲ, ಮೆಟ್ಟಿಲು ಹತ್ತಿದ್ದು ಎಂಬುದನ್ನು ಮೆದುಳಿಗೆ ಮತ್ತೆ ಕಲಿಸುವ ಪಾಠ ಅದು. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುವುದನ್ನೂ ಕಲಿಸಿದರು. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಬಿಗಿಯಾಗಿ ಬಡಿತ ತುಸು ತಗ್ಗುತ್ತದೆ. ಇಟಲಿಯ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿದಾಗಲೂ, ಯೋಗದ ಮಂತ್ರ ಪಠಿಸಿದಾಗಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯದ ಲಯಕ್ಕೆ ಒಳ್ಳೆಯದಾದದ್ದು ಕಂಡಿತ್ತು. ಎಳೆದು ಪಠಿಸುವ ಯಾವ ಧರ್ಮದ ಮಾತಾದರೂ ಉಸಿರನ್ನು ಎಳೆದೇ ಬಿಡಬೇಕಲ್ಲ! ಖಾಲಾ ತಸ್ಬೀಹ್ ಹಿಡಿದು ನಿಧಾನಕ್ಕೆ ಉಸಿರು ಬಿಡುವುದನ್ನು ರೂಢಿ ಮಾಡಿಕೊಂಡರು. ಈಗ ಚಾಪೆಯ ಮೇಲೆಯೇ ಸಜ್ದಾ ಮಾಡುತ್ತಾರೆ. ಎಂದಾದರೊಮ್ಮೆ ಎದೆ ಬಡಿಯುವುದು ಉಂಟು. ಅದು ಬರುತ್ತದೆ, ಹೋಗುತ್ತದೆ ಎನ್ನುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು. ಎದೆನೋವು, ಉಸಿರಾಟದ ತೊಂದರೆ ಬಂದವರಿಗೆ ‘ಟೆನ್ಷನ್ ಇರಬೇಕು’ ಎಂದು ಮನೆಯಲ್ಲೇ ಕೂರಿಸಬಾರದು. ಮೊದಲು ಹೃದಯದ ಪರೀಕ್ಷೆ ಆಗಲೇಬೇಕು. ಹೆಂಗಸರಲ್ಲಿ ಹೃದಯಾಘಾತವು ಉಸಿರುಕಟ್ಟುವಿಕೆ, ವಾಕರಿಕೆ, ಬೆನ್ನುನೋವು, ದವಡೆನೋವಿನ ರೂಪದಲ್ಲಿ ಬರುವುದುಂಟು. ಅದನ್ನು ಗ್ಯಾಸ್ಟ್ರಿಕ್ ಎಂದೋ ಗಾಬರಿ ಎಂದೋ ತಳ್ಳಿಹಾಕಿ ಜೀವ ಕಳೆದುಕೊಂಡವರಿದ್ದಾರೆ. ದುಃಖವೇ ಹೃದಯವನ್ನು ಕೆಡಿಸುವುದೂ ಇದೆ. 1990ರಲ್ಲಿ ಜಪಾನಿನ ವೈದ್ಯರು ವರ್ಣಿಸಿದ ತಕೊತ್ಸುಬೊ ಎಂಬ ಕಾಯಿಲೆಯಲ್ಲಿ, ಹಠಾತ್ ಆಘಾತದ ನಂತರ ಹೃದಯದ ಎಡ ಕೋಣೆ ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಉಬ್ಬುತ್ತದೆ. ರಕ್ತನಾಳ ಕಟ್ಟಿರುವುದಿಲ್ಲ, ಆದರೂ ಹೃದಯಾಘಾತದಂತೆಯೇ ತೋರುತ್ತದೆ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುವ ಇದರಿಂದ ಬಹುತೇಕರು ಕೆಲ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಎದೆ ಒಡೆಯಿತು ಎಂಬ ಮಾತು ಬರಿಯ ಮಾತಲ್ಲ.

ಎರಡನೆಯ ಎಚ್ಚರಿಕೆ, ವೇಗಸ್ ಹೆಸರಿನಲ್ಲಿ ಈಗ ನಡೆಯುತ್ತಿರುವ ವ್ಯಾಪಾರದ ಬಗ್ಗೆ. ಕತ್ತು ಉಜ್ಜಿದರೆ, ತಣ್ಣೀರು ಎರಚಿಕೊಂಡರೆ, ಕಿವಿಗೆ ಯಂತ್ರ ಹಾಕಿಕೊಂಡರೆ ಎಲ್ಲ ದುಃಖವೂ ಮಾಯ ಎಂದು ಹೇಳುವ ವಿಡಿಯೊಗಳಿಗೆ ಕೊನೆಯಿಲ್ಲ. ವೈದ್ಯರ ಕೈಯಲ್ಲಿ ಈ ನರಕ್ಕೆ ನಿಜವಾದ ಉಪಯೋಗವಿದೆ. ಕತ್ತಿನಲ್ಲಿ ಈ ನರಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲಿ ಮೂರ್ಛೆರೋಗಕ್ಕೂ, 2005ರಲ್ಲಿ ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೂ ಅನುಮತಿ ಸಿಕ್ಕಿತು. ಅದು ಶಸ್ತ್ರಚಿಕಿತ್ಸೆ ಮಾಡಿ ಅಳವಡಿಸುವಂಥದು. ಅದರ ಹೆಸರು ಹೇಳಿಕೊಂಡು ಯಾರೋ ಮಾರುವ ಯಂತ್ರ ಬೇರೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇಕಡ 70ರಿಂದ 92ರವರೆಗೂ ಇತ್ತು. ಇವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಗೆ ಹೋಗದವರಲ್ಲ. ಎದೆ, ಹೊಟ್ಟೆ, ತಲೆ ಎಂದು ಹೋಗಿ, ವರದಿ ನಾರ್ಮಲ್ ಎನಿಸಿಕೊಂಡು ಹಿಂದಿರುಗಿದವರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭಿಸಿದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಹೆಜ್ಜೆಗೆ ಅಷ್ಟು ಸಾಕು.

ಉಳಿದದ್ದು ಮನೆಯವರಾದ ನಮ್ಮ ಕೈಯಲ್ಲಿದೆ. ಪರೀಕ್ಷೆಗಳೆಲ್ಲ ಸರಿ ಬಂದವು ಎಂದರೆ ಹೃದಯದ ಮಾಂಸಖಂಡವೂ ರಕ್ತನಾಳವೂ ಸರಿಯಾಗಿವೆ ಎಂದಷ್ಟೇ ಅರ್ಥ. ಆ ಹೃದಯ ಮೆದುಳಿಗೆ ಏನು ಹೇಳುತ್ತಿದೆ, ಮೆದುಳು ಅದನ್ನು ಯಾವ ನೆನಪಿನ ಜೊತೆ ಸೇರಿಸಿ ಕೇಳುತ್ತಿದೆ ಎಂಬುದನ್ನು ಇಸಿಜಿಯ ಕಾಗದ ಬರೆದುಕೊಡುವುದಿಲ್ಲ. ಅದನ್ನು ಮನುಷ್ಯರೇ ಪಕ್ಕದಲ್ಲಿ ಕೂತು ಕೇಳಬೇಕು. ಹಾಗಾಗಿ ವರದಿ ಹಿಡಿದು ಮನೆಗೆ ಬಂದವರಿಗೆ ‘ಏನೂ ಇಲ್ಲವಂತೆ, ಸುಮ್ಮನೆ ಇರು’ ಎನ್ನುವ ಬದಲು, ‘ಹೃದಯಕ್ಕೆ ತೊಂದರೆಯಿಲ್ಲವಂತೆ, ದೇವರು ದೊಡ್ಡವನು. ಹಾಗಾದರೆ ಇದು ಯಾವಾಗ ಶುರುವಾಗುತ್ತದೆ, ಹೇಳು’ ಎಂದು ಕೇಳಿ ನೋಡೋಣ. ಉತ್ತರ ಬರಲು ತಡವಾದರೆ ಕಾಯೋಣ.